ಕಾಗದ ಅಂಟಿಸಿದ ಗಾಜು

ಎದುರು ಮನೆಯ ಅಜ್ಜ ಹೋದ ವಾರ ಹೇಳಿದ ಒಂದು ಮಾತು ಇನ್ನೂ ತಲೆಯಲ್ಲೇ ಇದೆ.

ನಾವಿರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಈ ಅಜ್ಜನಿಗೆ ಹಳೆಯ ಕಂದೀಲು ಕೂಡಿಡುವ ಹುಚ್ಚು. ಭಾನುವಾರ ಹಳೇ ಸಾಮಾನಿನ ಸಂತೆಗೆ ಹೋದರೆ ಬರಿಗೈಲಿ ಬರುವುದಿಲ್ಲ. ಈ ಸಲ ಫೊಯರ್‌ಹಾಂಡ್ ಕಂಪನಿಯ ಕಂದೀಲು ತಂದಿದ್ದರು. ಅದರ ವಯಸ್ಸು ಪತ್ತೆ ಮಾಡುವುದು ಹೇಗೆ ಅಂತ ನನಗೂ ತೋರಿಸಿದರು. ತಗಡಿನ ಮೇಲೆ ‘ವೆಸ್ಟ್ ಜರ್ಮನಿ’ ಅಂತಿದ್ದರೆ ಅದು ದೇಶ ಒಡೆದ 1949ರ ಈಚಿನದು, ಮತ್ತೆ ಒಂದಾದ 1990ರ ಹಿಂದಿನದು. ಗಾಜನ್ನೂ ಓದಬೇಕು. ಗಾಜು ಮಾಡುವ ಷಾಟ್ ಕಂಪನಿಯ ಹೆಸರಿನ ಜೊತೆ ಮೈಂಟ್ಸ್ ಅಂತಿದ್ದರೆ, ಆ ಊರಲ್ಲಿ 1952ರಲ್ಲಿ ಶುರುವಾದ ಕಾರ್ಖಾನೆಯದು. ಅದಕ್ಕೂ ಮುಂಚಿನದು ಯೇನಾ ಊರಿನದು. ತಗಡು ಒಂದು ಕಾಲದ್ದು, ಗಾಜು ಇನ್ನೊಂದು ಕಾಲದ್ದಾದರೆ ಬೆಲೆ ಇಳಿಯುತ್ತದೆ. ತುಕ್ಕು ತಿಕ್ಕಿ ಬಣ್ಣ ಬಳಿದರಂತೂ ಕೇಳುವವರೇ ಇಲ್ಲ.

"ನಿಮ್ಮ ಮನೆಯಲ್ಲೂ ಇತ್ತಾ?" ಅಂತ ಕೇಳಿದರು.

ಇತ್ತು, ಈಗಲೂ ಇದೆ. ಕುಕನೂರಿನ ಹತ್ತಿರ ನಮ್ಮೂರಲ್ಲಿ ತಮ್ಮ ಹೊಸ ಮನೆ ಕಟ್ಟಿಸಿದ್ದಾನೆ. ಹಾಲ್‌ನಲ್ಲಿ ಆನ್‌ಲೈನ್‌ನಿಂದ ತರಿಸಿದ, ಬ್ಯಾಟರಿಯ ‘ಹಳೇ ಕಾಲದ’ ಕಂದೀಲು ತೂಗುತ್ತಿದೆ. ನಮ್ಮಜ್ಜನ ಕಾಲದ ನಿಜವಾದ ಕಂದೀಲು ದನದ ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿದೆ. ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ತಮ್ಮನಿಗೆ ಹೇಳಿ ಫೋಟೋ ತರಿಸಿದೆ. ಧೂಳು ಒರೆಸಿದರೆ ‘ಪ್ರಭಾತ್’ ಅನ್ನುವ ಅಕ್ಷರ! ಮಹಾರಾಷ್ಟ್ರದ ಕರಾಡ್ ಹತ್ತಿರದ ಓಗಲೆವಾಡಿಯಲ್ಲಿ ನಮ್ಮ ದೇಶದವರೇ ಮಾಡಿದ ಕಂದೀಲು ಅದು. ಜರ್ಮನಿ ಅಜ್ಜನ ಮುಂದೆ ಎದೆ ಉಬ್ಬಿತು ನೋಡಿ.

ಯಾವಾಗಿನದು ಅಂತ ಅವ್ವನನ್ನು ಕೇಳಿದೆ. "ನಿಮ್ಮಜ್ಜ ಗದಗಿನಿಂದ ತಂದಿದ್ದಪ. ರಜಾಕಾರರ ಗಲಾಟಿಗಿಂತ ಮೊದ್ಲಿಂದು," ಅಂದಳು. ಅಂದರೆ 1948ಕ್ಕಿಂತ ಹಿಂದಿನದು. ಆಗ ನಮ್ಮೂರು ನಿಜಾಮನ ಸೀಮೆ, ಗದಗ ಮುಂಬೈ ಪ್ರಾಂತ್ಯ. ಗಡಿ ದಾಟಿ ಬಂದ ದೀಪ!

"ಗಾಜು ಮೊದಲಿನದೇನಾ?" ಜರ್ಮನಿ ಅಜ್ಜ ಕೇಳಿದರು.

ಗಾಜೆಲ್ಲಿ ಉಳಿಯುತ್ತಿತ್ತು? ಬಿಸಿ ಗಾಜಿಗೆ ಒಂದು ಹನಿ ನೀರು ಬಿದ್ದರೂ ಚಟ್ ಅಂತ ಸೀಳುತ್ತಿತ್ತು. ಸಂಜೆ ಬೂದಿ ಹಚ್ಚಿ, ಹಳೇ ಧೋತರದ ಚೂರಲ್ಲಿ ಒಳಗಿನ ಮಸಿ ಒರೆಸುವುದು ನನ್ನ ಕೆಲಸ. ಒಳಗೆ ಹೋಗುವಷ್ಟು ಸಣ್ಣ ಕೈ ಮನೆಯಲ್ಲಿ ನನ್ನದೇ ಇತ್ತು. ಸೀಳಿದರೆ ಎಸೆಯುತ್ತಿರಲಿಲ್ಲ. ಅಜ್ಜಿ ಜೋಳದ ಹಿಟ್ಟು ಕುದಿಸಿ ಅಂಟು ಮಾಡಿ ಕಾಗದ ಹಚ್ಚುತ್ತಿದ್ದಳು. ಫೋಟೋದಲ್ಲೂ ಅಂಥದ್ದೊಂದು ಕಾಗದವಿತ್ತು. ಉರಿಯ ಕಡೆ ಕಂದಿದೆ, ಅರ್ಧ ಉದುರಿದೆ, ಆದರೂ ಬಿಟ್ಟಿಲ್ಲ.

ಅಜ್ಜ ಫೋಟೋ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು. "ಆ ಕಾಗದ ಮಾತ್ರ ಕೀಳಬೇಡಿ. ಹಳೆಯ ಗಾಜು ಸಂತೆಯಲ್ಲಿ ಸಿಗುತ್ತದೆ. ಇದು ಸಿಗುವುದಿಲ್ಲ," ಅಂದರು.

ಗುಜರಿಯವರು ಇಂಥ ಕಂದೀಲನ್ನು ತೂಕಕ್ಕೆ ಹಾಕುತ್ತಾರೆ. ಎಷ್ಟು ಮನೆಗಳಿಂದ ಹಾಗೆ ಹೋಗಿವೆಯೋ! ಅಜ್ಜಿಯ ಕೈಕೆಲಸಕ್ಕೆ ಬೆಲೆಯಿದೆ ಅಂತ ನಮ್ಮಲ್ಲಿ ಯಾರೂ ಹೇಳಿರಲಿಲ್ಲ.

ಕಂದೀಲನ್ನು ಹಾಲ್‌ಗೆ ತರಲು ತಮ್ಮ ಒಪ್ಪಿದ್ದಾನೆ. ಅವ್ವ ಮಾತ್ರ ಒಪ್ಪುತ್ತಿಲ್ಲ. "ಒಡದ ಗ್ಲಾಸು ಮನ್ಯಾಗ ಇಡಬಾರದಪ, ಮಂದಿ ಏನಂದಾರು?" ಅನ್ನುತ್ತಾಳೆ. ದೀಪಾವಳಿಗೆ ಊರಿಗೆ ಹೋದಾಗ ಅವಳ ಜೊತೆ ಕೂತು ಮಾತಾಡಬೇಕು.