ಕ್ಯಾಂಪರ್‌ವ್ಯಾನ್ ಪ್ರವಾಸದ ಪ್ಲಾನು ರಾತ್ರಿಯಿಂದ ಶುರುವಾಗಬೇಕು

ಬೆಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ನ್ಯೂಜಿಲೆಂಡ್ ಪ್ರವಾಸಗಳ ಪ್ಲಾನು ಹಾಕಿಕೊಡುವುದು ನನ್ನ ಕೆಲಸ. ಹಾಸಿಗೆ, ಒಲೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಬಾಡಿಗೆ ಗಾಡಿ, ಅಂದರೆ ಕ್ಯಾಂಪರ್‌ವ್ಯಾನ್ ಬೇಕು ಅಂತ ಬರುವವರ ಮೊಬೈಲಿನಲ್ಲಿ ಜಾಗಗಳ ಪಟ್ಟಿ ರೆಡಿ ಇರುತ್ತದೆ. ಟೆಕಾಪೊ, ಕ್ವೀನ್ಸ್‌ಟೌನ್, ಮಿಲ್ಫೋರ್ಡ್ ಸೌಂಡ್, ಫ್ರಾನ್ಸ್ ಜೋಸೆಫ್. ನಾನು ಅದನ್ನು ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು, "ಟಾಯ್ಲೆಟ್ ಪೆಟ್ಟಿಗೆ ಯಾರು ಖಾಲಿ ಮಾಡ್ತೀರಾ ಸಾರ್?"

ನಗುತ್ತಾರೆ. ಆಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಅದಕ್ಕೆ ಅಲ್ಲಿ ಜನ ಇರಲ್ವಾ?" ಇರಲ್ಲ. ಗಾಡಿಯ ಹೊರಮೈಯಲ್ಲಿ ಒಂದು ಪುಟ್ಟ ಬಾಗಿಲು, ಒಳಗೆ ಹಿಡಿ ಇರುವ ಪ್ಲಾಸ್ಟಿಕ್ ಪೆಟ್ಟಿಗೆ. ಅದನ್ನು ಎಳೆದು, ಕೊಳಕು ಸುರಿಯಲೆಂದೇ ಇರುವ ಡಂಪ್ ಸ್ಟೇಷನ್‌ವರೆಗೆ ಹೊತ್ತು, ಸುರಿದು, ತೊಳೆದು, ಕೆಮಿಕಲ್ ಹಾಕಿ ವಾಪಸ್ ತಳ್ಳಬೇಕು. ನಾಲ್ಕು ಜನ ಬಳಸಿದರೆ ದಿನ ಬಿಟ್ಟು ದಿನ ಈ ಕೆಲಸ. ಫೋಟೊ ನೋಡಿದ ಮೇಲೆ ಕೆಲವರು ಕಾರು, ಮೋಟೆಲ್ ಸಾಕು ಅನ್ನುತ್ತಾರೆ. ಒಳ್ಳೆಯದೇ ಆಯಿತು, ಹಾಗೇ ಬುಕ್ ಮಾಡಿಕೊಡುತ್ತೇನೆ.

ಉಳಿದವರ ಜೊತೆ ಪ್ಲಾನು ಹಾಕಲು ಕೂತಾಗ ನಾನು ಮೊದಲು ಬರೆದುಕೊಳ್ಳುವುದು ರಾತ್ರಿಗಳನ್ನು. ಇವತ್ತು ಎಲ್ಲಿ ಗಾಡಿ ನಿಲ್ಲಿಸುತ್ತೀರಿ, ನಾಳೆ ಎಲ್ಲಿ. ನ್ಯೂಜಿಲೆಂಡಿನಲ್ಲಿ ಕೆರೆ ದಂಡೆ ಕಂಡಲ್ಲೆಲ್ಲ ನಿಲ್ಲಿಸಿ ಮಲಗಬಹುದು ಅಂತ ವಿಡಿಯೊ ನೋಡಿ ನಂಬಿದವರು ಬಹಳ ಜನ. ಅದಕ್ಕೆ 2011ರಿಂದಲೇ ಬೇರೆ ಕಾನೂನು ಇದೆ, 2023ರಲ್ಲಿ ಇನ್ನೂ ಬಿಗಿಯಾಯಿತು. ಹಾಗೆ ಮಲಗಲು ಸಾಮಾನ್ಯವಾಗಿ ಗಾಡಿಯೊಳಗೆ ಗಟ್ಟಿಯಾಗಿ ಕೂರಿಸಿದ ಟಾಯ್ಲೆಟ್ಟೇ ಇರಬೇಕು. ಅದರ ಪೆಟ್ಟಿಗೆ ಹೊರಗೆ ಬಂದರೆ ಪರವಾಗಿಲ್ಲ, ಟಾಯ್ಲೆಟ್ಟನ್ನೇ ಎತ್ತಿಡುವಂಥದ್ದು ನಡೆಯಲ್ಲ. ಸಾಲದ್ದಕ್ಕೆ ಆಯಾ ಊರಿನ ಕೌನ್ಸಿಲ್‌ನ ನಿಯಮ ಬೇರೆ. ಹಾಗಾಗಿ ಮೊದಲ ಸಲ ಹೋಗುವವರಿಗೆ ನಾನು ಒಂದು ರಾತ್ರಿ ದುಡ್ಡು ಕೊಟ್ಟು ಗಾಡಿ ನಿಲ್ಲಿಸುವ ಹಾಲಿಡೇ ಪಾರ್ಕು, ಒಂದು ರಾತ್ರಿ ಸರ್ಕಾರದ ಡಾಕ್ (ಪರಿಸರ ಸಂರಕ್ಷಣಾ ಇಲಾಖೆ) ಕ್ಯಾಂಪು ಅಂತ ಹೊಂದಿಸುತ್ತೇನೆ.

ಪಾರ್ಕೇ ಯಾಕೆ ಅಂದರೆ ಕರೆಂಟು. ಗಾಡಿಯ ಬ್ಯಾಟರಿಯಲ್ಲಿ ಲೈಟು, ನೀರಿನ ಪಂಪು, ಫ್ರಿಜ್ಜು ನಡೆಯುತ್ತದೆ. ಪ್ಲಗ್ ಪಾಯಿಂಟುಗಳು ಮಾತ್ರ ಸಾಮಾನ್ಯವಾಗಿ ಪಾರ್ಕಿನ ಕಂಬಕ್ಕೆ ಕೇಬಲ್ ಸಿಕ್ಕಿಸಿದಾಗಲೇ ಜೀವ ಬರುವಂಥವು. ನಮ್ಮವರು ಪುಟ್ಟ ಮಿಕ್ಸಿ, ರೈಸ್ ಕುಕ್ಕರ್ ತಗೊಂಡೇ ಹೊರಡುತ್ತಾರಲ್ಲ, ಕರೆಂಟಿಲ್ಲದ ಡಾಕ್ ಕ್ಯಾಂಪಿನಲ್ಲಿ ಅವು ಸುಮ್ನೆ ಕೂತಿರುತ್ತವೆ. ಅಲ್ಲಿ ಗ್ಯಾಸ್ ಒಲೆ ಮೇಲೆ ಚಿತ್ರಾನ್ನವೋ ಉಪ್ಪಿಟ್ಟೋ, ಚಟ್ನಿ ಮಾಡುವುದಿದ್ದರೆ ಹಿಂದಿನ ರಾತ್ರಿ ಪಾರ್ಕಿನಲ್ಲೇ ರುಬ್ಬಿಟ್ಟುಕೊಳ್ಳಿ ಅಂತ ಪ್ಲಾನಿನ ಹಾಳೆಯಲ್ಲೇ ಬರೆದು ಕೊಡುತ್ತೇನೆ.

ಇನ್ನು ಬೆಳಕು. ನಮ್ಮ ಮಕ್ಕಳಿಗೆ ಏಪ್ರಿಲ್-ಮೇ ರಜೆ, ಅಲ್ಲಿ ಆಗ ಚಳಿಗಾಲ ಹತ್ತಿರ ಬರುತ್ತಿರುತ್ತದೆ. ಮರಗಳೆಲ್ಲ ಹಳದಿ ತಿರುಗಿ ನೋಡಲು ಚೆಂದವೇ, ಆದರೆ ಮೇ ಮಧ್ಯದ ಹೊತ್ತಿಗೆ ದಕ್ಷಿಣ ದ್ವೀಪದಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್ ಸುಮಾರು 480 ಕಿಲೋಮೀಟರ್, ಮ್ಯಾಪು ಆರು ಗಂಟೆ ಅನ್ನುತ್ತದೆ. ಅದು ಕಾರಿನ ಲೆಕ್ಕ. ದೊಡ್ಡ ವ್ಯಾನು, ದಾರಿಯುದ್ದಕ್ಕೂ ಫೋಟೊ, ನಡುವೆ ಊಟ, ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು. ಕತ್ತಲಲ್ಲಿ ಗೊತ್ತಿಲ್ಲದ ಕ್ಯಾಂಪಿನೊಳಗೆ ಅಷ್ಟುದ್ದದ ಗಾಡಿ ರಿವರ್ಸ್ ತಗೊಳ್ಳುವುದು ಯಾರಿಗೂ ಬೇಡ. ಅದಕ್ಕೇ ಈ ದಾರಿಯನ್ನು ಟೆಕಾಪೊದಲ್ಲಿ ಮುರಿಯುತ್ತೇನೆ. ಮಿಲ್ಫೋರ್ಡ್‌ಗೆ ಹೋಗುವವರನ್ನು ಹಿಂದಿನ ರಾತ್ರಿ ಟೆ ಅನಾವ್‌ನಲ್ಲೇ ಮಲಗಿಸುತ್ತೇನೆ. ಅಲ್ಲಿಂದ ಇನ್ನೂ ಸುಮಾರು 120 ಕಿಲೋಮೀಟರ್ ಬೆಟ್ಟದ ದಾರಿ, ನಡುವೆ ಹೋಮರ್ ಸುರಂಗ, ಮಿಲ್ಫೋರ್ಡ್ ಸುತ್ತಿಸುವ ದೋಣಿಯವರು ನಮಗಾಗಿ ಕಾಯುವುದಿಲ್ಲ ಅಲ್ವಾ.

"ಅಮ್ಮ ಹಿಂದೆ ಮಲಕ್ಕೊಂಡೇ ಬರ್ತಾರೆ ಬಿಡಿ" ಅನ್ನುವವರೂ ಇದ್ದಾರೆ. ಆಗಲ್ಲ. ಗಾಡಿ ಓಡುವಾಗ ಎಲ್ಲರೂ ಸೀಟಿನಲ್ಲಿ ಕೂತು ಬೆಲ್ಟ್ ಹಾಕಲೇಬೇಕು. ಒಂದು ಹಾಸಿಗೆ ಡ್ರೈವರ್ ತಲೆ ಮೇಲಿನ ಅಟ್ಟದಲ್ಲಿರುತ್ತದೆ, ಏಣಿ ಹತ್ತಬೇಕು. ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಪಾರ್ಕಿನಲ್ಲೇ ಅವರಿಗೊಂದು ಕ್ಯಾಬಿನ್ ತಗೊಳ್ಳಿ ಅನ್ನುತ್ತೇನೆ.

ದುಡ್ಡಿನದು ಬೇಗ ಹೇಳಿಬಿಡುತ್ತೇನೆ. ಡೀಸೆಲ್ ಗಾಡಿಗೆ ರಸ್ತೆ ತೆರಿಗೆ ಕಿಲೋಮೀಟರ್ ಲೆಕ್ಕದಲ್ಲಿ, ಬಾಡಿಗೆಯವರು ಅದನ್ನು ಕೊನೆಯಲ್ಲಿ ಸೇರಿಸುವುದುಂಟು. ಬಾಂಡ್ ಅಂತ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಡುತ್ತಾರೆ, ಹೊರಡುವ ಮೊದಲೇ ಲಿಮಿಟ್ ನೋಡಿಕೊಳ್ಳಿ. ಗಾಡಿಯ ಚಾವಣಿಗೆ ಪೆಟ್ಟು ಬಿದ್ದರೆ ಎಷ್ಟೋ ಇನ್ಶೂರೆನ್ಸ್ ಬರುವುದಿಲ್ಲ. ತಗ್ಗಾದ ಪಾರ್ಕಿಂಗ್ ಕಮಾನಿನ ಕೆಳಗೆ ನುಗ್ಗಬೇಡಿ.

ಕೊನೆಯದಾಗಿ ತಿಂಡಿ ಡಬ್ಬಿಗಳು. ಜೇನುತುಪ್ಪ, ಹಸಿ ಕರಿಬೇವು, ಹಣ್ಣು ಮನೆಯಲ್ಲೇ ಬಿಡಿ. ಉಳಿದದ್ದು ಏನೇ ಇರಲಿ, ನ್ಯೂಜಿಲೆಂಡ್ ಒಳಗೆ ಹೋಗಲು ತುಂಬುವ ಫಾರಂನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಬರೆಯಿರಿ. ಹೇಳಿದರೆ ಹೆಚ್ಚೆಂದರೆ ಡಬ್ಬಿ ಹೋಗುತ್ತದೆ, ಹೇಳದೆ ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಅಕ್ಕಿ, ಬೇಳೆ, ಸಾಸಿವೆ ಎಲ್ಲ ಕ್ರೈಸ್ಟ್‌ಚರ್ಚಿನಲ್ಲೇ ಸಿಗುತ್ತದೆ. ಗಾಡಿ ಕೈಗೆ ಬಂದ ಮೊದಲ ಮಧ್ಯಾಹ್ನವನ್ನು ನಾನು ಅಂಗಡಿಗೇ ಅಂತ ಖಾಲಿ ಬಿಟ್ಟಿರುತ್ತೇನೆ. ಅಷ್ಟು ಹೊತ್ತು ವಿಮಾನದಲ್ಲಿ ಕೂತು ಬಂದವರು ಆ ದಿನ ಊರು ಬಿಟ್ಟು ದೂರ ಓಡಿಸುವುದೂ ಬೇಡ.