ಅಜ್ಜನ ಬಗ್ಗೆ ಅರ್ಧ ಪುಟ

ನಮ್ಮ ಉಡುಪಿ ಕಡೆ ಈಗೀಗ ಬೊಜ್ಜದ ದಿನ, ಅಂದರೆ ತೀರಿಹೋದವರ ಉತ್ತರಕ್ರಿಯೆಯ ದಿನ, ಊಟಕ್ಕೆ ಮೊದಲು ನುಡಿನಮನ ಅಂತ ಒಂದು ಇರುತ್ತದೆ. ಹಾರ ಹಾಕಿದ ಫೋಟೋ, ಪಕ್ಕದಲ್ಲಿ ಮೈಕ್, ಊರಿನಲ್ಲಿ ಮಾತು ಬಲ್ಲವರು ಯಾರಾದರೂ ಬಂದು ಐದು ನಿಮಿಷ ಮಾತಾಡುತ್ತಾರೆ, ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ, ಆಮೇಲೆ ಎಲೆ ಹಾಕುತ್ತಾರೆ. ಮಾತಾಡುವವರಿಗೆ ತೀರಿಹೋದವರ ಪರಿಚಯ ಇರಲೇಬೇಕು ಅಂತೇನಿಲ್ಲ. ಮನೆಯವರು ಅರ್ಧ ಪುಟ ಬರೆದು ಕೊಟ್ಟರೆ ಸಾಕು, ಅದನ್ನೇ ಎಳೆದು ಉದ್ದ ಮಾಡಿಕೊಳ್ಳುತ್ತಾರೆ. ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಹೋದಾಗ ಆ ಅರ್ಧ ಪುಟ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೊಮ್ಮಕ್ಕಳಲ್ಲಿ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬರುವುದು ನನಗೊಬ್ಬನಿಗೇ, ಅದೇ ಕಾರಣ.

ಬೊಜ್ಜದ ಹಿಂದಿನ ದಿನ ಬೆಳಗ್ಗೆ ಶಂಕರಪುರದ ಮನೆಯ ಜಗಲಿಯಲ್ಲಿ ಕೂತೆ. ಮೊದಲ ಸಾಲೇ ಮುಂದೆ ಹೋಗಲಿಲ್ಲ. ಹುಟ್ಟಿದ ವರ್ಷ ಯಾವುದು? ಆಧಾರ್ ಕಾರ್ಡಿನಲ್ಲಿ 1938, ಜನವರಿ 1 ಅಂತ ಇದೆ. ಆ ತಲೆಮಾರಿನ ಅರ್ಧ ಊರೇ ಜನವರಿ 1ಕ್ಕೆ ಹುಟ್ಟಿದೆ, ಅಲ್ವಾ. ಅಜ್ಜಿಯನ್ನು ಕೇಳಿದರೆ, "ಕೊಳಕೆ ಬೆಳೆಗೆ ನೀರು ಹಾಯಿಸುವ ಸಮಯದಲ್ಲಿ ಹುಟ್ಟಿದ್ದಂತೆ, ನಮ್ಮ ಅತ್ತೆ ಹೇಳುತ್ತಿದ್ದರು" ಅಂದರು. ಬೇಸಗೆಯ ಸುಮಾರಿಗೆ ಅಂತಾಯಿತು. ವರ್ಷ ಯಾರಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ಮುಂಬೈ ಮಾವ ಚಾ ಕುಡಿಯುತ್ತಾ ಹತ್ತಿರ ಬಂದರು. "ಪ್ರಗತಿಪರ ಕೃಷಿಕರು, ಕೊಡುಗೈ ದಾನಿಗಳು ಅಂತ ಹಾಕು ಮಾರಾಯ. ಎಲ್ಲರೂ ಹಾಕುತ್ತಾರೆ."

ನನಗೆ ನಗು ತಡೆಯಲಾಗಲಿಲ್ಲ. ಅಜ್ಜ ಮತ್ತು ಕೊಡುಗೈ! ದಾರಿಯಲ್ಲಿ ಬಿದ್ದ ಮೊಳೆ ಹೆಕ್ಕಿ ತಂದು, ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡಿ ಡಬ್ಬಕ್ಕೆ ಹಾಕುವ ಜನ ಅವರು. ಶಿರ್ವದ ಬಸ್ಸು ಮನೆ ಹತ್ತಿರವೇ ಹೋಗುತ್ತದೆ, ಆದರೂ ಕೈಯಲ್ಲಿ ಭಾರ ಇಲ್ಲ ಅಂತಾದರೆ ಕಟಪಾಡಿಯಿಂದ ನಡೆದೇ ಬರುತ್ತಿದ್ದರು. ಯಾಕೆ ಅಜ್ಜ ಅಂದರೆ "ಕಾಲು ಇದೆಯಲ್ಲ" ಅನ್ನುವವರು. ಮಾವನಿಗೂ ಇದೆಲ್ಲ ಗೊತ್ತು. ಆದರೆ ಮೈಕಿನಲ್ಲಿ ಕೇಳಲು ಅದು ಚೆನ್ನಾಗಿರುವುದಿಲ್ಲ ಅಂತ ಅವರ ಲೆಕ್ಕ.

ಅಜ್ಜಿ ಒಳಗಿನಿಂದ ಅಜ್ಜನ ಟ್ರಂಕ್ ತರಿಸಿದರು. ಅದನ್ನು ನಾವ್ಯಾರೂ ಮುಟ್ಟುವ ಹಾಗಿರಲಿಲ್ಲ. ಮೇಲೆ ಎರಡು ಬಿಳಿ ಪಂಚೆ, ಒಂದು ಅಡಿಕೆ ಕತ್ತರಿ. ಅದರ ಕೆಳಗೆ ತೀರ್ವೆ, ಅಂದರೆ ಭೂಕಂದಾಯ, ಕಟ್ಟಿದ ರಶೀದಿಗಳು. ಹತ್ತತ್ತು ವರ್ಷದ್ದು ಒಂದೊಂದು ಕಟ್ಟು, ಕಟ್ಟಿದ್ದು ಬಾಳೆನಾರಿನಲ್ಲಿ. ನಾರು ಒಣಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಎಲ್ಲಕ್ಕಿಂತ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಫಾರ್ಮ್ ನಂಬರ್ 7ರ ಪ್ರತಿ, ಮತ್ತೆ ಟ್ರಿಬ್ಯೂನಲ್‌ನ ಆರ್ಡರು.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಜಿಲ್ಲೆಯಲ್ಲಿ ಗದ್ದೆ ಮಾಡುತ್ತಿದ್ದವರಲ್ಲಿ ಜಾಸ್ತಿ ಜನ ಗೇಣಿಯವರು. ಭೂಮಿ ದಣಿಗಳದ್ದು, ಬೆವರು ಇವರದ್ದು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ಈ ಫಾರ್ಮ್ ನಂಬರ್ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ (ಅದೇ ಟ್ರಿಬ್ಯೂನಲ್) ಮುಂದೆ ನಿಂತು, ತಾವೇ ಉಳುತ್ತಿದ್ದೇವೆ ಅಂತ ತೋರಿಸಿದರೆ ಜಾಗ ಅವರ ಹೆಸರಿಗೆ ಆಗುತ್ತಿತ್ತು. ನಮ್ಮಲ್ಲಿ ಇದಕ್ಕೆ ಡಿಕ್ಲರೇಶನ್ ಕೊಡುವುದು ಅಂತಲೇ ಹೇಳುವುದು. ಅರ್ಜಿಗೆ ಕೊನೆಯ ಗಡುವು 1979ರ ಜೂನ್ 30.

ಅಜ್ಜ ಮೊದಲು ಕೊಡಲೇ ಇಲ್ಲವಂತೆ. ಅನ್ನ ಕೊಟ್ಟ ಮನೆಯ ಮೇಲೆ ಅರ್ಜಿ ಹಾಕುವುದು ಹೇಗೆ ಅಂತ. ನೆರೆಕರೆಯವರೆಲ್ಲ ಕೊಟ್ಟಾದ ಮೇಲೂ ಇವರು ತೆಪ್ಪಗೆ ಉಳುತ್ತಾ ಇದ್ದರು. ಕೊನೆಗೆ ಅಜ್ಜಿಯೇ, "ಇವತ್ತು ಹೋಗಿ ಕೊಡದಿದ್ದರೆ ನಾಳೆ ಮಕ್ಕಳನ್ನು ಕರೆದುಕೊಂಡು ಅಪ್ಪನ ಮನೆಗೆ ಹೋಗುತ್ತೇನೆ" ಅಂದದ್ದು. ಆ ಮಾತಿನಿಂದ ಜಾಗ ಆಯಿತು. ಇದನ್ನು ಅರ್ಧ ಪುಟದಲ್ಲಿ ಹಾಕಲಾ ಅಂತ ಕೇಳಿದೆ. "ಬೇಡ, ಅವರ ಮರ್ಯಾದೆ ಪ್ರಶ್ನೆ" ಅಂದರು ಅಜ್ಜಿ. ಇಲ್ಲಿ ಹಾಕುತ್ತಿದ್ದೇನೆ. ಅಜ್ಜಿಯ ಮರ್ಯಾದೆಯೂ ಒಂದು ಇದೆಯಲ್ಲ.

ಅದಕ್ಕೆ ಮೊದಲು ವರ್ಷಕ್ಕೆ ಹದಿನೆಂಟು ಮುಡಿ ಅಕ್ಕಿ ಗೇಣಿ. ಒಂದು ಮುಡಿ ಅಂದರೆ 42 ಸೇರು. ಮುಡಿ ಕಟ್ಟುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ, ಆಗ ಗೇಣಿ ಇರಲಿಲ್ಲ, ಗೋಣಿಚೀಲ ಬೇಕಾದಷ್ಟಿತ್ತು, ಆದರೂ ಅಜ್ಜ ಮಳೆಗಾಲಕ್ಕೆ ಅಂತ ಒಂದೆರಡು ಮುಡಿ ಕಟ್ಟಿಯೇ ಕಟ್ಟುತ್ತಿದ್ದರು. ಅಂಗಳದಲ್ಲಿ ಬೈಹುಲ್ಲನ್ನು ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆ ಎತ್ತಿ ಸೇರಿಸಿ, ಹುಲ್ಲಿನ ಹಗ್ಗವನ್ನೇ ಬಿಗಿಯುತ್ತಾ ಬರುವುದು. ಒಂದು ಸುತ್ತು ಬಿಗಿದ ಮೇಲೆ ಕೊಡತಿಯಲ್ಲಿ ಬಡಿತ. ಉರುಳಿಸಿ ಮತ್ತೆ ಬಡಿತ. ಒಳಗೆ ಅಕ್ಕಿ ಕೂತುಕೊಂಡ ಹಾಗೆ ಬಡಿತದ ಸದ್ದು ಬದಲಾಗುತ್ತದೆ. ಮೊದಲು ಮೆತ್ತಗೆ ದಬ್ ದಬ್ ಅನ್ನುವುದು ಆಮೇಲೆ ಟಣ್ ಅನ್ನಲು ಶುರುವಾಗುತ್ತದೆ. ಆಗ ಅಜ್ಜ ನಿಲ್ಲಿಸಿ ಅಂಗೈಯಿಂದ ಒಮ್ಮೆ ತಟ್ಟಿ ನೋಡುತ್ತಿದ್ದರು. ಅಂಥ ಮುಡಿಯೊಳಗಿನ ಅಕ್ಕಿಗೆ ಸುಲಭಕ್ಕೆ ಹುಳ ಹಿಡಿಯುವುದಿಲ್ಲ.

ಅಂಥದ್ದನ್ನು ತಲೆಯಲ್ಲಿ ಹೊತ್ತು ದಣಿಗಳ ಮನೆಗೆ ಹೋದರೆ ಅಲ್ಲಿ ಬಿಚ್ಚಿ ಮತ್ತೆ ಅಳೆಯುತ್ತಿದ್ದರಂತೆ. ಅಲ್ಲಿನ ಸೇರು ಮನೆಯ ಸೇರಿಗಿಂತ ಒಂದು ಹಿಡಿ ದೊಡ್ಡದು. ಮನೆಯಲ್ಲಿ ಸರಿಯಾಗಿದ್ದದ್ದು ಅಲ್ಲಿ ಕಡಿಮೆ ಬರುತ್ತಿತ್ತು. ಕಡಿಮೆ ಬಿದ್ದದ್ದನ್ನು ಮರುದಿನ ಹೊತ್ತುಕೊಂಡು ಹೋಗಬೇಕು. ಅಜ್ಜ ಇದನ್ನು ಸಿಟ್ಟಿನಿಂದ ಹೇಳಿದ್ದು ನಾನು ಕೇಳಿಲ್ಲ. ದನ ಕರು ಹಾಕಿದ ವಿಷಯ ಹೇಳುವ ಹಾಗೆ ಹೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ, ಹಿಂದೆ ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಒಬ್ಬರು ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಕಣ್ಣು ಸರಿಯಾಗಿ ಕಾಣುವುದಿಲ್ಲ. ಏನು ಬರೆಯುತ್ತಿದ್ದಿ ಅಂತ ಕೇಳಿ, ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತರು.

"ನಿನ್ನ ಅಜ್ಜ ಒಂದು ದಿನ ಹೊಗಳಿದವರಲ್ಲ ಮಗಾ. ಸಾಲು ಸೊಟ್ಟ ಆದರೆ ಕಿತ್ತು ಮತ್ತೆ ನೆಡಿಸುತ್ತಿದ್ದರು. ನಾವೆಲ್ಲ ಹಿಂದಿನಿಂದ ಬೈಯುತ್ತಿದ್ದೆವು. ಆದರೆ ಸಂಜೆ ಕೂಲಿಗೆ ಅಕ್ಕಿ ಅಳೆಯುವಾಗ ಸೇರಿನ ಬಾಯಿಯ ಮೇಲೆ ಕೈ ಎಳೆಯುತ್ತಿರಲಿಲ್ಲ. ಗೋಪುರ ಹಾಗೇ ಸೆರಗಿಗೆ ಬೀಳುತ್ತಿತ್ತು."

ಮಾವ ಚಾ ಲೋಟ ಕೆಳಗಿಟ್ಟರು. ಅವರಿಗೂ ಅದು ಹೊಸ ಸುದ್ದಿ. ನಾನು ಇದ್ದ ಹಾಗೆಯೇ ಬರೆದುಕೊಂಡೆ.

ಅಜ್ಜನನ್ನು ಎಲ್ಲರೂ ಶ್ರಮಜೀವಿ ಅನ್ನುತ್ತಾರೆ. ಹೌದು. ಆದರೆ ಅವರನ್ನು ಹಾಗೆ ಓಡಿಸಿದ್ದು ಹೆದರಿಕೆ ಅಂತ ನನಗೆ ಅನಿಸುತ್ತದೆ. ಗೇಣಿ ಬಾಕಿಯಾದರೆ ಗದ್ದೆ ಬಿಡಿಸುತ್ತಾರೆ ಅನ್ನುವ ಹೆದರಿಕೆ ಮೈಗೆ ಹತ್ತಿದವರು. ಆರ್ಡರ್ ಕೈಗೆ ಬಂದ ಮೇಲೂ ಅದು ಇಳಿಯಲಿಲ್ಲ. ಹೆದ್ದಾರಿ ಅಗಲ ಮಾಡಲು ಕಟಪಾಡಿಯಲ್ಲಿ ಅಳತೆಗೆ ಬಂದಾಗ ನಮ್ಮ ಜಾಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ, ಆದರೂ ಅಜ್ಜ ಟ್ರಂಕ್ ತೆಗೆದು ರಶೀದಿ ಎಲ್ಲ ಸರಿ ಇದೆಯಾ ಅಂತ ನೋಡಿದ್ದರು. ಜ್ವರ ಬಂದು ಮಲಗಿದ್ದಾಗ ಡಾಕ್ಟರ್ ಒಂದು ವಾರ ವಿಶ್ರಾಂತಿ ಅಂದರೆ, "ಬೇಲೆ ಉಂಡು" (ತುಳುವಿನಲ್ಲಿ, ಕೆಲಸ ಇದೆ) ಅಂತ ಮರುದಿನವೇ ದನದ ಹಟ್ಟಿಯಲ್ಲಿ. ಇದನ್ನು ಬರೇ ಹೊಗಳಿ ಬಿಟ್ಟರೆ ಅವರಿಗೆ ಅನ್ಯಾಯ ಮಾಡಿದ ಹಾಗೆ.

ಮಲ್ಲಿಗೆಯ ಕತೆ ಬೇರೆ. ಜಾಗ ಆದ ಮೇಲೆ ಬಾವಿಯ ಆಚೆ ಗಿಡ ಹಾಕಿದರು, ನಮ್ಮೂರಿನಲ್ಲಿ ಹಾಕದ ಮನೆ ಕಡಿಮೆ. ಗೆಲ್ಲು ಕತ್ತರಿಸುವುದು, ನೆಲಗಡಲೆ ಹಿಂಡಿ ನೆನೆಸಿ ಹಾಕುವುದು, ನೀರು, ಇದು ಅಜ್ಜನದ್ದು. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಲು ಎಲ್ಲರೂ. ಕಟ್ಟುವುದು ಅಜ್ಜಿ, ಅಮ್ಮ, ಚಿಕ್ಕಮ್ಮ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಕೊಳ್ಳುವ ಕಟ್ಟೆಯಲ್ಲಿ ಅವತ್ತಿನ ರೇಟ್ ಏನಿದೆಯೋ ಅದು. ಒಂದು ದಿನ ನೂರು ದಾಟದ ಅಟ್ಟೆ ಮದುವೆ ಸೀಸನ್ನಿನಲ್ಲಿ ಸಾವಿರ ದಾಟುತ್ತದೆ. ಆ ದುಡ್ಡನ್ನು ಅಜ್ಜ ಮುಟ್ಟಿದವರಲ್ಲ. ಅದು ಅಜ್ಜಿಯ ಕೈಗೇ. ಮಾವನ ಕಾಲೇಜು, ಅಮ್ಮನ ಕರಿಮಣಿ, ಚಿಕ್ಕಮ್ಮನ ಟೈಲರಿಂಗ್ ಮಿಷನ್ ಎಲ್ಲ ಅದರಲ್ಲೇ ಆದದ್ದು. ಹಣ ಎಷ್ಟಾಯಿತು ಅಂತ ಅಜ್ಜ ಕೇಳುತ್ತಲೂ ಇರಲಿಲ್ಲವಂತೆ, ಮೊಳೆಯ ಲೆಕ್ಕ ಇಡುವ ಮನುಷ್ಯ!

ಮರುದಿನ ಕಾರ್ಯಕ್ರಮದಲ್ಲಿ ಮಾತಾಡಿದವರು ನನ್ನ ಅರ್ಧ ಪುಟವನ್ನು ಮಡಚಿ ಕಿಸೆಗೆ ಹಾಕಿಕೊಂಡು, "ಕೊಡುಗೈ ದಾನಿಗಳೂ, ಪ್ರಗತಿಪರ ಕೃಷಿಕರೂ ಆಗಿದ್ದ" ಅಂತಲೇ ಶುರು ಮಾಡಿದರು. ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆದರೆ ನಡುವೆ ಎಲ್ಲೋ ನೆನಪಾಗಿ ಕಾಗದ ತೆಗೆದು ಆ ಸೇರಿನ ಮಾತನ್ನು ಓದಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಕೆಲವು ಹೆಂಗಸರು ತಲೆ ಅಲ್ಲಾಡಿಸಿದ್ದು ಕಂಡಿತು. ಗೊತ್ತಿದ್ದವರಿಗೆ ಗೊತ್ತಿತ್ತು.

ಸಂಜೆ ಒಳಗೆ ಅಜ್ಜನಿಗೆ ಬಡಿಸುವಾಗ ಚಿಕ್ಕಮ್ಮ ಪಾಯಸ, ಹೋಳಿಗೆ ಎಲ್ಲ ಎಲೆಯ ತುಂಬ ಹಾಕಿದ್ದರು. ಅಜ್ಜಿ ನೋಡಿ, "ಅದೆಲ್ಲ ಅವರು ಯಾವಾಗ ತಿಂದಿದ್ದಾರೆ" ಅಂತ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಯನ್ನೂ ಸುಟ್ಟ ಒಣಮೀನನ್ನೂ ತಾವೇ ತಂದಿಟ್ಟರು.

ಆಮೇಲೆ ಗದ್ದೆಯ ಮಾತು ಬಂತು. ಮಾವ ಮುಂಬೈ, ನಾನು ಮಂಗಳೂರು, ಅಪ್ಪ ಅಮ್ಮನಿಗೆ ವಯಸ್ಸಾಯಿತು. ಬೆಳೆ ಹಾಕದೆ ಹಡಿಲು ಬಿಡುವುದೇ ಅಂತ ಎಲ್ಲರೂ ಮುಖ ನೋಡಿಕೊಂಡೆವು. ಪಕ್ಕದ ಮನೆಯವರು ನಾವು ಮಾಡುತ್ತೇವೆ ಅಂದರು, ವರ್ಷಕ್ಕೆ ಎಷ್ಟು ಅಕ್ಕಿ ಕೊಡಬೇಕು ಅಂತಲೂ ಕೇಳಿದರು. ಮಾವ ಬಾಯಿ ತೆರೆಯುವ ಮೊದಲೇ ಅಜ್ಜಿ, "ಈ ಮನೆಯ ಅಂಗಳಕ್ಕೆ ಗೇಣಿ ಅಕ್ಕಿ ಬರುವುದು ಬೇಡ. ಬೈಹುಲ್ಲು ನಮ್ಮ ದನಕ್ಕೆ ಕೊಡಿ, ಸಾಕು" ಅಂದರು. ಈ ಸಲದ ಏಣೇಲು, ಅಂದರೆ ಮಳೆಗಾಲದ ಬೆಳೆ, ಅವರೇ ಹಾಕಿದ್ದಾರೆ. ಸಾಲು ಸ್ವಲ್ಪ ಸೊಟ್ಟ ಇದೆ ಅಂತ ಅಜ್ಜಿ ದಿನಾ ಫೋನಿನಲ್ಲಿ ದೂರು ಹೇಳುತ್ತಾರೆ.