ಸದ್ದು ನಿಂತಿತು, ಮುಳ್ಳು ನಿಲ್ಲಲಿಲ್ಲ

ಈ ವಾರ ರಿಪೇರಿ ಮೇಜಿನ ಮೇಲೆ ಕಂಡದ್ದು ಕಣ್ಣಿಂದ ಹೋಗುತ್ತಿಲ್ಲ. ಸ್ಕೂಬಾ ಡೈವಿಂಗ್ ರೆಗ್ಯುಲೇಟರ್ ಒಂದರ ಸೆಕೆಂಡ್ ಸ್ಟೇಜ್, ಅಂದರೆ ಬಾಯಲ್ಲಿ ಕಚ್ಚಿ ಉಸಿರೆಳೆಯುವ ಭಾಗ, ಸಣ್ಣಗೆ ಬುಸುಗುಡುತ್ತಿತ್ತು. ಗೇಜಿನ ಮುಳ್ಳು 9.5 ಬಾರ್‌ಗೆ ಬಂದು, ಅಲ್ಲಿ ನಿಲ್ಲದೆ, ಮೆಲ್ಲಗೆ 10 ದಾಟಿ 11ರ ಕಡೆಗೆ ಹತ್ತುತ್ತಿತ್ತು. ಮೆಕ್ಯಾನಿಕ್ ಅಲೆನ್ ಕೀ ಹಾಕಿ ಫಸ್ಟ್ ಸ್ಟೇಜಿನ (ಸಿಲಿಂಡರಿಗೆ ಕೂತು ಗಾಳಿಯ ಒತ್ತಡ ತಗ್ಗಿಸುವ ಭಾಗ) ಸ್ಕ್ರೂ ಸಡಿಲಿಸಿ ನಾಲ್ಕು ಸಲ ಪರ್ಜ್, ಅಂದರೆ ಸೆಕೆಂಡ್ ಸ್ಟೇಜಿನಿಂದ ಗಾಳಿ ಹೊರಬಿಡುವ ಗುಂಡಿ, ಒತ್ತಿದರು. ಸದ್ದು ಅಡಗಿತು.

"ನೋಡಿ, ಸರಿಹೋಯ್ತು."

"ಮುಳ್ಳು ಇನ್ನೂ ಏರ್ತಾ ಇದೆಯಲ್ಲ?"

"ಸೋರೋದು ನಿಂತಿತಲ್ಲ!"

ಕೈ ಪಳಗಿದ ಮನುಷ್ಯ, ಕೆಲಸದಲ್ಲಿ ಚುರುಕು. ಆದರೆ ಕಿವಿಯನ್ನು ನಂಬಿದಷ್ಟು ಗೇಜನ್ನು ನಂಬುವುದಿಲ್ಲ. ಸ್ಕ್ರೂ ಸಡಿಲಿಸಿದರೆ ಒತ್ತಡ ಕೆಳಗಿನಿಂದ ಏರಲು ಶುರುಮಾಡುತ್ತದೆ, ಅಷ್ಟೆ. ಸಿಲಿಂಡರಿನ 200 ಬಾರ್ ಗಾಳಿ ಫಸ್ಟ್ ಸ್ಟೇಜಿನೊಳಗೆ ಗಾಳಿಯ ದಾರಿ ಮುಚ್ಚುವ ಮೆದು ತುಂಡಿನ, ಅಂದರೆ ಸವೆದ ಸೀಟಿನ, ಸಂದಿಯಿಂದ ನುಸುಳುತ್ತಲೇ ಇರುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಅದೇ ಬುಸುಬುಸು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿದೆ ಎಂಬ ಸುಳ್ಳು ಸಮಾಧಾನ, ಅದೂ ನೀರಿನಡಿ ಉಸಿರು ಕೊಡುವ ಸಾಧನದ ವಿಷಯದಲ್ಲಿ. ಇದನ್ನು ಒಪ್ಪಲು ನನ್ನಿಂದಾಗದು.

ಹೆಚ್ಚಿನ ರೆಗ್ಯುಲೇಟರುಗಳಲ್ಲಿ ಎರಡು ಸ್ಟೇಜುಗಳ ನಡುವಿನ ಇಂಟರ್ಮೀಡಿಯೆಟ್ ಪ್ರೆಷರ್, ಅಂದರೆ ಐಪಿ, ಸುತ್ತಲಿನ ಒತ್ತಡಕ್ಕಿಂತ 9ರಿಂದ 10 ಬಾರ್ ಮೇಲಿರುತ್ತದೆ. ನಿಖರ ಅಂಕಿಗೆ ಆ ಮಾಡೆಲಿನ ಸರ್ವಿಸ್ ಮ್ಯಾನುಯಲ್ ನೋಡಬೇಕು. ಗೇಜನ್ನು ಬಿಸಿಡಿಗೆ (ತೇಲುವಿಕೆ ಹೊಂದಿಸುವ ಜಾಕೆಟ್) ಗಾಳಿ ತುಂಬುವ ಇನ್‌ಫ್ಲೇಟರ್ ಹೋಸಿಗೆ ಸಿಕ್ಕಿಸಿ, ಸೆಕೆಂಡ್ ಸ್ಟೇಜ್ ಜೋಡಿಸಿಯೇ ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒತ್ತಡ ಮಿತಿಮೀರಿದರೆ ಹೊರದಾರಿ ಆ ಸೆಕೆಂಡ್ ಸ್ಟೇಜೇ. ಪರ್ಜ್ ಒತ್ತಿದಾಗ ಮುಳ್ಳು ಕುಸಿಯಬೇಕು, ಬಿಟ್ಟ ಕೂಡಲೇ ಮೇಲೆ ಹಾರಿ ಗಕ್ಕನೆ ನಿಲ್ಲಬೇಕು. ಮೊದಲ ಕೆಲವು ಸೆಕೆಂಡು ಕೂದಲೆಳೆಯಷ್ಟು ಸರಿದು ನಿಂತರೆ ಚಿಂತೆಯಿಲ್ಲ. ಸರಿಯುತ್ತಲೇ ಹೋದರೆ ಅದು ಕ್ರೀಪ್. ಆಗ ಸ್ಕ್ರೂ ಮುಟ್ಟಲೇಬಾರದು.

ಬಿಚ್ಚಿ ನೋಡಬೇಕು. ಸೀಟಿನ ಮೇಲೆ ಒತ್ತಿದ ಉಂಗುರದ ಗುರುತು ಸುತ್ತಲೂ ಒಂದೇ ಸಮ ಇದೆಯೇ? ಅದಕ್ಕೆ ತಾಗುವ ಲೋಹದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಗೀರಿದ್ದರೆ ಹೊಸ ಸೀಟೂ ಬಾಳುವುದಿಲ್ಲ. ಆರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ತೆಗೆಯಲು ಉಕ್ಕಿನ ಪಿಕ್, ಅಂದರೆ ಚೂಪು ಕಡ್ಡಿ, ಹಾಕುವವರೇ ಈ ಗೀರುಗಳನ್ನು ಮಾಡುವುದು. ಪ್ಲಾಸ್ಟಿಕ್ ಅಥವಾ ಹಿತ್ತಾಳೆಯದು ಸಾಕು. ಬ್ಯಾಲೆನ್ಸ್ಡ್ (ಸಿಲಿಂಡರ್ ಖಾಲಿಯಾದರೂ ಐಪಿ ಹೆಚ್ಚು ಬದಲಾಗದ) ಡಯಾಫ್ರಾಮ್ (ಬಾಗುವ ಪೊರೆಯಿಂದ ಕವಾಟ ನಡೆಸುವ) ಮಾದರಿಯಲ್ಲಿ ಸೀಟಿನ ಕಾಂಡವನ್ನು ಸುತ್ತುವ ಚಿಕ್ಕ ಆರಿಂಗ್ ಸೋತರೂ ಮುಳ್ಳು ಹೀಗೇ ಏರುತ್ತದೆ. ಸೀಟು ಬದಲಿಸುವಾಗ ಅದನ್ನೂ ಬದಲಿಸಿಬಿಡಿ.

ಮುಳ್ಳು ಗಟ್ಟಿಯಾಗಿ ನಿಂತ ಮೇಲಷ್ಟೇ ಹೊಂದಾಣಿಕೆ. ಡಯಾಫ್ರಾಮ್ ಮಾದರಿಯಲ್ಲಿ ಸ್ಕ್ರೂವನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸ್ಪ್ರಿಂಗ್ ಬಿಗಿದು ಐಪಿ ಏರುತ್ತದೆ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಮತ್ತೆ ನಾಲ್ಕೈದು ಪರ್ಜ್, ಆಮೇಲೆ ಓದು. ಇಳಿಸುವಾಗ ಪರ್ಜ್ ಮಾಡದೆ ಓದಿದರೆ ಹೋಸಿನಲ್ಲಿ ಉಳಿದ ಹಳೇ ಒತ್ತಡವೇ ಕಾಣುತ್ತದೆ. ಪೊರೆಯ ಬದಲು ಪಿಸ್ಟನ್ ಇರುವ ಎಷ್ಟೋ ಮಾದರಿಗಳಲ್ಲಿ ಸ್ಕ್ರೂವೇ ಇಲ್ಲ. ಸ್ಪ್ರಿಂಗಿನಡಿ ಶಿಮ್ ಎಂಬ ತೆಳು ಬಿಲ್ಲೆ ಸೇರಿಸಿ ಏರಿಸಬೇಕು, ತೆಗೆದು ಇಳಿಸಬೇಕು, ಪ್ರತಿ ಸಲವೂ ಬಿಚ್ಚಿ ಜೋಡಿಸಬೇಕು. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ನಿನಲ್ಲಿ ಸಿಲಿಂಡರ್ ಖಾಲಿಯಾದಂತೆ ಐಪಿಯೂ ಇಳಿಯುವುದರಿಂದ ತುಂಬಿದಾಗಲೂ 50 ಬಾರ್ ಉಳಿದಾಗಲೂ ಅಳೆಯಿರಿ.

ಐಪಿ ಕೂತ ನಂತರವೇ ಸೆಕೆಂಡ್ ಸ್ಟೇಜಿಗೆ ಕೈ ಹಾಕಬೇಕು. ಹೊಸ ಸೀಟು ಬಳಸುತ್ತ ಅಂಚಿಗೆ ಒಗ್ಗಿಕೊಳ್ಳುವಾಗ ಐಪಿ ತುಸು ಜರುಗುತ್ತದೆ. ಹಾಗಾಗಿ ಕೆಲವು ದಿನ ಬಿಟ್ಟು ಗೇಜ್ ಸಿಕ್ಕಿಸಿ ಇನ್ನೊಮ್ಮೆ ನೋಡಿ, ಬೇಕಾದರೆ ತಿದ್ದಿ.